ಸರ್ವರ್ ಡೌನ್ ಆಗಿಲ್ಲ ಸ್ವಾಮಿ, ಕಾಯ್ತಾ ನಿಂತಿದೆ

ಕಳೆದ ಇಪ್ಪತ್ತೈದು ವರ್ಷದಲ್ಲಿ ಹಳ್ಳಿಯ ಕೊನೇ ಮನೆವರೆಗೂ ಹೋಗಿ ಕೂತ ಇಂಗ್ಲಿಷ್ ಪದ ಯಾವುದು ಅಂತ ಕೇಳಿದರೆ ನನ್ನ ಓಟು ‘ಸರ್ವರ್’ಗೆ. ಮೊದಲು ಸರ್ವರ್ ಅಂದ್ರೆ ಹೋಟೆಲಲ್ಲಿ ಇಡ್ಲಿ-ವಡೆ ತಂದಿಡೋನು. ಜಗ್ಗೇಶ್ ಅವರ ‘ಸರ್ವರ್ ಸೋಮಣ್ಣ’ ಸಿನಿಮಾ ಬಂದಾಗ ಯಾರಿಗೂ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಈಗ ರೇಷನ್ ಅಂಗಡಿ, ನಾಡಕಚೇರಿ, ಬ್ಯಾಂಕು, ಸೊಸೈಟಿ, ಎಲ್ಲಿಗೆ ಹೋದರೂ ಸರ್ವರ್ ಅಂದ್ರೆ ಇವತ್ತು ಇಲ್ಲದೇ ಇರೋನು. "ಸರ್ವರ್ ಇಲ್ಲ, ನಾಳೆ ಬಾರಪ್ಪ." ಈ ವರ್ಷ ಮಳೆ ಇಲ್ಲ ಅಂದ ಹಾಗೆ ಜನ ಅದನ್ನು ಕೇಳಿಸಿಕೊಂಡು ಸುಮ್ಮನೆ ಮನೆಗೆ ಹೋಗ್ತಾರೆ. ಮಳೆ ಬರದಿದ್ರೆ ಯಾರನ್ನ ಬೈಯೋದು?

ಮಳೆಯನ್ನ ಬೈಯೋಕಾಗಲ್ಲ, ಸರಿ. ಆದರೆ ಸರ್ವರ್ ಆಕಾಶದಿಂದ ಇಳಿದದ್ದಲ್ಲ. ಅದರ ಮೇಲೆ ಓಡೋ ಕೋಡನ್ನ ಬರೆದದ್ದು ನಮ್ಮಂಥವರೇ. ಹೆಬ್ಬಾಳದಲ್ಲೋ ಹೂಟಗಳ್ಳಿಯಲ್ಲೋ ಎಸಿ ಕೆಳಗೆ ಕೂತು ಕೆಲಸ ಮಾಡಿ, ಸಂಜೆ ಒಂಟಿಕೊಪ್ಪಲಿನಲ್ಲಿ ಕಾಫಿ ಕುಡಿದು, ಶನಿವಾರ ನಂಜನಗೂಡು, ಎಚ್.ಡಿ. ಕೋಟೆ, ಕೆ.ಆರ್. ನಗರದ ಕಡೆಯ ಊರಿಗೆ ಹೋಗಿ, "ಅದು ಸರ್ವರ್ ಪ್ರಾಬ್ಲಮ್ ಕಣಪ್ಪಾ, ನಿನಗೆ ಗೊತ್ತಾಗಲ್ಲ ಬಿಡು" ಅಂತ ಹೇಳಿಬರೋ ನಾವು. ಅಪ್ಪನಿಗೆ ಗೊತ್ತಾಗಲ್ಲ ಅನ್ನೋದು ಶುದ್ಧ ಸುಳ್ಳು. ಸರಿಯಾಗಿ ಹೇಳಿದರೆ ಅಪ್ಪನಿಗೆ ನಮಗಿಂತ ಬೇಗ ಅರ್ಥವಾಗುತ್ತೆ. ನಾವು ಹೇಳಲ್ಲ, ಅಷ್ಟೇ.

ಸರ್ವರ್ ಇಲ್ಲ ಅನ್ನೋದಕ್ಕೆ ಕಾರಣ ಹತ್ತಿವೆ. ಕರೆಂಟು, ಕೇಬಲ್ಲು, ಟವರು, ಹಳೇ ಬೆರಳಚ್ಚು ಯಂತ್ರ. ಅವನ್ನೆಲ್ಲ ಪಕ್ಕಕ್ಕಿಡಿ. ನಾನಿಲ್ಲಿ ಜಗಳ ತೆಗೆಯೋದು ಒಂದೇ ಕಾರಣದ ಬಗ್ಗೆ, ಯಾಕಂದ್ರೆ ಅದಕ್ಕೆ ಹೊಣೆ ನೇರವಾಗಿ ನಮ್ಮ ಜಾತಿಯವರದ್ದು, ಅಂದ್ರೆ ಪ್ರೋಗ್ರಾಮರ್ ಜಾತಿಯವರದ್ದು. ಡೇಟಾಬೇಸಿನಿಂದ ಉತ್ತರವನ್ನ ಒಂದೊಂದೇ ಸಾಲಾಗಿ ಎತ್ಕೊಂಡು, ಪ್ರತಿ ಸಾಲಿಗೂ ಹೊರಗಡೆ ಏನೋ ಒಂದು ಕೆಲಸ ಮಾಡ್ತಾ, ಅಷ್ಟೂ ಹೊತ್ತು ಲಾಕ್ ಹಿಡ್ಕೊಂಡೇ ಇರೋ ಕೋಡು. ಅಂಥ ಹೊತ್ತಿನಲ್ಲಿ ಸರ್ವರ್ ಸತ್ತಿರಲ್ಲ. ಜೀವಂತವಾಗಿ, ತಣ್ಣಗೆ, ಕೈ ಕಟ್ಟಿಕೊಂಡು ಕಾಯ್ತಾ ನಿಂತಿರುತ್ತೆ. ಅದರ ಹಿಂದೆ ಸಾಲಾಗಿ ಜನವೂ ನಿಂತಿರ್ತಾರೆ.

ಲಾಕ್ ಅಂದ್ರೆ ಏನು ಅನ್ನೋದನ್ನ ಅಪ್ಪನಿಗೆ ಹೇಳೋ ಹಾಗೇ ಹೇಳ್ತೀನಿ. 2000ಕ್ಕೆ ಮುಂಚೆ ನಮ್ಮ ರಾಜ್ಯದಲ್ಲಿ ಪಹಣಿ ಇರ್ತಿದ್ದದ್ದು ಪುಸ್ತಕದಲ್ಲಿ, ಪುಸ್ತಕ ಇರ್ತಿದ್ದದ್ದು ಗ್ರಾಮಲೆಕ್ಕಿಗರ ಹತ್ತಿರ. ವಂಶಪಾರಂಪರ್ಯದ ಶಾನುಭೋಗಿಕೆಯನ್ನು 1961ರ ಕಾಯ್ದೆ ರದ್ದು ಮಾಡಿತ್ತು, ಆದರೆ ಜನರ ಬಾಯಲ್ಲಿ ಅವರು ಶಾನುಭೋಗರಾಗಿಯೇ ಉಳಿದಿದ್ದರು. ರಾಜ್ಯಕ್ಕೆಲ್ಲ ಸುಮಾರು 9,000 ಜನ ಗ್ರಾಮಲೆಕ್ಕಿಗರು. ಒಂದು ಊರಿಗೆ ಒಂದು ಪುಸ್ತಕ, ಬರೆಯೋದು ಒಬ್ಬರೇ. ಅದು ತಪ್ಪಲ್ಲ. ಒಂದೇ ಸರ್ವೆ ನಂಬರಿನ ಸಾಲಿಗೆ ಇಬ್ಬರು ಒಂದೇ ಹೊತ್ತಿಗೆ ಎರಡು ಹೆಸರು ಬರೆದರೆ ಆಗೋದು ಕೋರ್ಟು ಕೇಸು. ಒಬ್ಬರು ಬರೀತಿರೋವಾಗ ಇನ್ನೊಬ್ಬರು ತಡೀಬೇಕು. ಅದೇ ಲಾಕು. ಲಾಕ್ ಇರೋದರಿಂದಲೇ ನಮ್ಮ ಜಮೀನು ನಮ್ಮ ಹೆಸರಲ್ಲಿದೆ, ಬ್ಯಾಂಕಿನಲ್ಲಿ ದುಡ್ಡು ಸರಿಯಾಗಿದೆ.

ಸಮಸ್ಯೆ ಬರ್ತಿದ್ದದ್ದು ಬೇರೆ ಕಡೆ. ಬರೆಯೋ ಕೆಲಸ ಎರಡು ನಿಮಿಷದ್ದು. ಪುಸ್ತಕ ಮಾತ್ರ ಬ್ಯಾಗಿನಲ್ಲಿ. ಬ್ಯಾಗು ಅವರ ಹೆಗಲಲ್ಲಿ. ಅವರು ತಾಲೂಕು ಕಚೇರಿಗೆ ಮೀಟಿಂಗಿಗೆ ಹೋದರೆ ಊರಿನ ಅಷ್ಟೂ ಜಮೀನು ಅವರ ಜೊತೆ ಬಸ್ಸು ಹತ್ತಿ ಹೋಗ್ತಿತ್ತು. ಪಹಣಿ ಬೇಕಾದವನು ಅವರು ಇಳಿಯೋ ಬಸ್ಸಿಗೆ ಕಾಯಬೇಕು. ಭೂಮಿ ಯೋಜನೆ ಬಂದು ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನ ಕಂಪ್ಯೂಟರಿಗೆ ಹಾಕ್ತು, ತಾಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಪ್ರಿಂಟ್ ಕೊಡೋಕೆ ಶುರು ಮಾಡ್ತು. ಖಾತೆ ಬದಲಾವಣೆ ಅರ್ಜಿಗಳಿಗೂ ಮೊದಲು ಬಂದವರಿಗೆ ಮೊದಲು ಅನ್ನೋ ಸರದಿ ಇಟ್ಟರು, ಮಧ್ಯೆ ನುಗ್ಗೋ ಹಾಗಿಲ್ಲ. ಲೋಕವೆಲ್ಲ ಅದನ್ನ ಇ-ಆಡಳಿತದ ಮಾದರಿ ಅಂತ ಹೊಗಳಿತು. ನನ್ನ ಕಣ್ಣಿಗೆ ಅದರ ದೊಡ್ಡ ಲಾಭ ಒಂದೇ: ಪುಸ್ತಕವನ್ನ ಬ್ಯಾಗಿಗೆ ಹಾಕ್ಕೊಂಡು ಹೊರಟುಹೋಗೋಕೆ ಆಗದ ಹಾಗೆ ಮಾಡಿದ್ದು.

ಆ ಬ್ಯಾಗನ್ನ ನಾವು ಕೋಡಿನಲ್ಲಿ ಮತ್ತೆ ಹೊಲಿದುಕೊಂಡಿದ್ದೀವಿ. ಭೂಮಿಯ ಕೋಡಿನ ಮಾತಲ್ಲ ಇದು, ಅದನ್ನ ನಾನು ನೋಡಿಲ್ಲ. ನಾವು ದಿನಾ ಬರೆಯೋ, ದಿನಾ ರಿವ್ಯೂ ಮಾಡೋ ಕೋಡಿನ ಮಾತು.

ಒಂದು ಲೆಕ್ಕ ಹಾಕೋಣ, ಕಲ್ಪನೆಯದ್ದೇ ಆಗಲಿ. ಹಾಲಿನ ಡೇರಿಗಳಿಗೆ ಸಾಫ್ಟ್‌ವೇರ್ ಮಾಡೋ ಒಂದು ಸಣ್ಣ ಕಂಪನಿ ಅಂದ್ಕೊಳ್ಳಿ. ಒಂದು ಡೇಟಾಬೇಸಿನಲ್ಲಿ 10,000 ಸದಸ್ಯರು. ಬೆಳಿಗ್ಗೆ ಸಂಜೆ ಹಾಲು ಅಳೆದಾಗ ಆ ಸದಸ್ಯರ ಸಾಲಿಗೆ ಲೀಟರು, ಫ್ಯಾಟು, ಬಾಕಿ ಹಣ ಸೇರಬೇಕು. ವಾರಕ್ಕೊಂದು ದಿನ ಬಟವಾಡೆ. ಬಟವಾಡೆಯ ಪ್ರೋಗ್ರಾಮು ಹೀಗಿದೆ: ಎಲ್ಲಾ ಸದಸ್ಯರನ್ನ ಸೆಲೆಕ್ಟ್ ಫಾರ್ ಅಪ್‌ಡೇಟ್ ಅಂತ ಕರ್ಸರ್‌ನಲ್ಲಿ ತೆರೆಯೋದು. ಒಂದು ಸಾಲು ಎತ್ತೋದು. ಹಣ ಲೆಕ್ಕ ಹಾಕೋದು. ‘ನಿಮ್ಮ ಖಾತೆಗೆ ಇಷ್ಟು ಜಮಾ ಆಗಿದೆ’ ಅಂತ ಎಸ್‌ಎಂಎಸ್ ಕಳಿಸೋದು. ಬಾಕಿ ಸೊನ್ನೆ ಮಾಡೋದು. ಮುಂದಿನ ಸಾಲು. ಎಲ್ಲಾ ಮುಗಿದ ಮೇಲೆ ಒಂದು ಕಮಿಟ್. ಓದೋಕೆ ಎಷ್ಟು ಚೆಂದ! ಹೊಸದಾಗಿ ಸೇರಿದ ಹುಡುಗನಿಗೂ ಅರ್ಥವಾಗೋ ಹಾಗಿದೆ. ರಿವ್ಯೂನಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿ ಪಾಸ್ ಮಾಡ್ತಾರೆ.

ಎಸ್‌ಎಂಎಸ್ ಕಳಿಸೋ ಗೇಟ್‌ವೇ ಒಂದು ಮೆಸೇಜಿಗೆ 200 ಮಿಲಿಸೆಕೆಂಡ್ ತಗೊಳ್ಳುತ್ತೆ ಅಂತ ಇಟ್ಕೊಳ್ಳಿ. ಕಣ್ಣು ಮಿಟುಕಿಸೋ ಅಷ್ಟು ಹೊತ್ತು. 10,000 ಸಲ ಮಿಟುಕಿಸಿದರೆ 2,000 ಸೆಕೆಂಡು, ಅಂದ್ರೆ ಮೂವತ್ತಮೂರು ನಿಮಿಷಕ್ಕೂ ಜಾಸ್ತಿ. ಡೇಟಾಬೇಸ್ ಮಾಡಬೇಕಾದ ಕೆಲಸ ಅದರಲ್ಲಿ ಒಂದೆರಡು ನಿಮಿಷವೂ ಇಲ್ಲ. ಉಳಿದದ್ದೆಲ್ಲ ಎಸ್‌ಎಂಎಸ್‌ಗೆ ಕಾಯೋದು, ಲಾಕ್ ಕೈಯಲ್ಲಿ ಹಿಡ್ಕೊಂಡು.

ಈಗ ಯಾರ್ಯಾರು ಎಷ್ಟೆಷ್ಟು ಕಾಯ್ತಾರೆ? ಅದು ನಿಮ್ಮ ಡೇಟಾಬೇಸ್ ಯಾವುದು ಅನ್ನೋದರ ಮೇಲಿದೆ. ಅದೇ ಕೋಡು, ಬೇರೆ ಬೇರೆ ನಡವಳಿಕೆ. ಇದನ್ನ ಗೊತ್ತಿಲ್ಲದೇ ಕೋಡ್ ಬರೆಯೋರೇ ಜಾಸ್ತಿ. ಒರಾಕಲ್‌ನಲ್ಲಿ ಫಾರ್ ಅಪ್‌ಡೇಟ್ ಕರ್ಸರ್ ತೆರೆದ ಕ್ಷಣವೇ ಅಷ್ಟೂ ಸಾಲುಗಳಿಗೆ ಬೀಗ ಬೀಳುತ್ತೆ, ನೀವು ಮೊದಲನೇ ಸಾಲು ಎತ್ತೋಕೂ ಮುಂಚೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಸಾಲು ಎತ್ತಿದಾಗ ಅದಕ್ಕೆ ಬೀಗ ಬೀಳುತ್ತೆ. ಹಾಗಾಗಿ ಕೊನೇ ಸದಸ್ಯ ಬಚಾವು, ಮೊದಲನೇ ಸದಸ್ಯನ ಸಾಲು ಪೂರ್ತಿ ಮೂವತ್ತಮೂರು ನಿಮಿಷ ಬಂದ್. ಮೈಎಸ್‌ಕ್ಯುಎಲ್‌ನ ಇನ್ನೊಡಿಬಿಯಲ್ಲಿ ಇನ್ನೊಂದು ಗಮ್ಮತ್ತು: ಅದರ ಡೀಫಾಲ್ಟ್ ಐಸೊಲೇಷನ್ ಮಟ್ಟದಲ್ಲಿ, ಹುಡುಕೋವಾಗ ದಾಟಿಹೋದ ಇಂಡೆಕ್ಸಿನ ಸಾಲುಗಳಿಗೂ ಬೀಗ ಹಾಕ್ತಾ ಹೋಗುತ್ತೆ. ಸರಿಯಾದ ಇಂಡೆಕ್ಸ್ ಇಲ್ಲ ಅಂದ್ರೆ ನಿಮಗೆ ಬೇಕಾದದ್ದು ಹತ್ತೇ ಸಾಲಾದರೂ ಇಡೀ ಟೇಬಲ್ಲಿಗೆ ಬೀಗ ಬಿದ್ದ ಹಾಗೇ.

ಬೆಳಿಗ್ಗೆ ಆರು ಗಂಟೆಗೆ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತ ಹೆಂಗಸಿಗೆ ಇದ್ಯಾವುದೂ ಗೊತ್ತಿಲ್ಲ. ಅವರ ಹಾಲು ಅಳೆದಾಗಿದೆ, ಸ್ಕ್ರೀನ್ ಮೇಲೆ ಚಕ್ರ ತಿರುಗ್ತಾ ಇದೆ. ಅವರ ಸಾಲಿನ ಲಾಕು ಇನ್ಯಾರಿಗೋ ಎಸ್‌ಎಂಎಸ್ ಕಳಿಸ್ತಾ ಇರೋ ಪ್ರೋಗ್ರಾಮಿನ ಕೈಯಲ್ಲಿದೆ. ಸೆಕ್ರೆಟರಿ ಎರಡು ಸಲ ಬಟನ್ ಒತ್ತಿ, "ಸರ್ವರ್ ಇಲ್ಲ ಕಣಮ್ಮ, ಚೀಟಿಲಿ ಬರ್ಕೊಳ್ತೀನಿ" ಅಂತಾರೆ. ಚೀಟಿಯಿಂದ ಮತ್ತೆ ಕಂಪ್ಯೂಟರಿಗೆ ಹಾಕೋವಾಗ 4.2 ಇದ್ದ ಫ್ಯಾಟು 3.2 ಆದರೆ ಕೇಳೋರು ಯಾರು? ಹಾಲು ಕಾಯಲ್ಲ. ಸ್ಕೂಲಿಗೆ ಮಕ್ಕಳನ್ನ ಕಳಿಸಬೇಕಾದವರು ಕಾಯೋಕಾಗಲ್ಲ. ನಮ್ಮ ಕರ್ಸರ್ ಮಾತ್ರ ಆರಾಮಾಗಿ ಮುಂದಿನ ಸಾಲು, ಮುಂದಿನ ಸಾಲು ಅಂತ ಹೋಗ್ತಾ ಇರುತ್ತೆ.

ಆಮೇಲೆ ಏನಾಗುತ್ತೆ ಗೊತ್ತಲ್ಲ? ಕಂಪ್ಲೇಂಟ್ ಬರುತ್ತೆ. ಮೀಟಿಂಗ್ ಸೇರುತ್ತೆ. ಯಾರೋ ಒಬ್ಬರು "ಸರ್ವರ್ ಸಾಲ್ತಾ ಇಲ್ಲ, ದೊಡ್ಡದು ತಗೋಬೇಕು" ಅಂತಾರೆ. ಎರಡರಷ್ಟು ಕೋರ್, ಎರಡರಷ್ಟು ಮೆಮೊರಿ, ಎರಡರಷ್ಟು ಬಿಲ್ಲು. ಆ ಮೂವತ್ತಮೂರು ನಿಮಿಷದ ಸಿಪಿಯು ಗ್ರಾಫ್ ಯಾರೂ ತೆಗೆದು ನೋಡಿರಲ್ಲ. ನೋಡಿದ್ದರೆ ಅದು ನೆಲದಲ್ಲಿ ಮಲಗಿರೋದು ಕಾಣ್ತಿತ್ತು. ಲಾಕಿಗೆ ಕಾಯೋ ಕೆಲಸಕ್ಕೆ ಸಿಪಿಯು ಬೇಡ. ದೊಡ್ಡ ಸರ್ವರ್ ತಂದರೆ ಅದು ದೊಡ್ಡದಾಗಿ ಕಾಯುತ್ತೆ, ಅಷ್ಟೇ ವ್ಯತ್ಯಾಸ.

ಇಷ್ಟು ಹೇಳಿದ ಕೂಡಲೇ ನಮ್ಮಲ್ಲಿ ಒಂದಷ್ಟು ಜನ ಎದ್ದು ನಿಲ್ತಾರೆ: "ಗುರೂ, ನಾವು ಫಾರ್ ಅಪ್‌ಡೇಟ್ ಹಾಕೋದೇ ಇಲ್ಲ. ಬರೀ ಓದ್ತೀವಿ. ಓದೋಕೆ ಲಾಕ್ ಎಲ್ಲಿ ಬಂತು?" ಅರ್ಧ ಸರಿ. ಒರಾಕಲ್, ಪೋಸ್ಟ್‌ಗ್ರೆಸ್, ಇನ್ನೊಡಿಬಿ ಇವು ಸಾಲಿನ ಹಳೇ ಆವೃತ್ತಿಗಳನ್ನ ಇಟ್ಟುಕೊಂಡು ಓದುವವರಿಗೆ ಕೊಡ್ತವೆ. ಓದೋರು ಬರೆಯೋರನ್ನ ತಡೆಯಲ್ಲ. ಆದರೆ ಎಸ್‌ಕ್ಯುಎಲ್ ಸರ್ವರ್‌ನ ಮಾಮೂಲಿ ರೀಡ್ ಕಮಿಟೆಡ್‌ನಲ್ಲಿ ಓದೋಕೂ ಶೇರ್ಡ್ ಲಾಕ್ ಬೇಕು. ಸಾಮಾನ್ಯವಾಗಿ ಅದು ಒಂದು ಸಾಲು ಓದಿ ಮುಂದೆ ಹೋಗೋವಾಗ ಹಿಂದಿನ ಲಾಕ್ ಬಿಟ್ಟುಬಿಡುತ್ತೆ. ಈಗ ನೀವು ಒಂದು ಸಾಲು ಎತ್ತಿ ಇನ್ನೆಲ್ಲೋ ಕೆಲಸಕ್ಕೆ ಹೋಗಿದ್ದೀರಿ. ಸರ್ವರ್ ಕಳಿಸೋಕೆ ಇಟ್ಟುಕೊಂಡಿದ್ದ ಬಫರ್ ತುಂಬಿಹೋಯ್ತು. ಅದು ಇದ್ದಲ್ಲೇ ನಿಲ್ಲುತ್ತೆ, ಆ ಹೊತ್ತಿಗೆ ಕೈಯಲ್ಲಿದ್ದ ಲಾಕನ್ನ ಹಿಡ್ಕೊಂಡೇ ನಿಲ್ಲುತ್ತೆ. ಇದು ನನ್ನ ಸ್ವಂತ ಸಂಶೋಧನೆಯೇನಲ್ಲ. ಬಂದ ಉತ್ತರವನ್ನ ಪೂರ್ತಿ ಎತ್ಕೊಳ್ಳದೇ ಬಿಡೋ ಅಪ್ಲಿಕೇಷನ್ನಿಂದ ಬೇರೆಯವರು ಬ್ಲಾಕ್ ಆಗ್ತಾರೆ ಅಂತ ಮೈಕ್ರೋಸಾಫ್ಟ್‌ನ ದಾಖಲೆಯಲ್ಲೇ ಇದೆ. ಐಸೊಲೇಷನ್ ಮಟ್ಟ ರಿಪೀಟೆಬಲ್ ರೀಡ್ ಆಗಿದ್ದರಂತೂ ಮುಗೀತು, ಓದಿದ ಪ್ರತಿ ಸಾಲಿನ ಲಾಕೂ ಟ್ರಾನ್ಸಾಕ್ಷನ್ ಮುಗಿಯೋವರೆಗೆ ನಿಮ್ಮ ಜೇಬಿನಲ್ಲೇ.

ಸರಿ, ನೀವು ಪೋಸ್ಟ್‌ಗ್ರೆಸ್‌ನಲ್ಲಿದ್ದೀರಿ, ಬರೀ ಓದ್ತಿದ್ದೀರಿ. ಬಚಾವಾದ್ರಾ? ಇಲ್ಲ. ಮಾಮೂಲಿ ಸೆಲೆಕ್ಟ್ ಕೂಡ ಟೇಬಲ್ ಮೇಲೆ ಒಂದು ಸಣ್ಣ ಲಾಕ್ ಇಡುತ್ತೆ, ಟ್ರಾನ್ಸಾಕ್ಷನ್ ಮುಗಿಯೋವರೆಗೆ. ಅದು ಯಾರಿಗೂ ತೊಂದರೆ ಕೊಡಲ್ಲ, ಆಲ್ಟರ್ ಟೇಬಲ್ ಥರದ ದೊಡ್ಡ ಕೆಲಸಗಳಿಗೆ ಬಿಟ್ಟು. ನಿಮ್ಮ ಕರ್ಸರ್ ಅರ್ಧ ಗಂಟೆಯಿಂದ ತೆರೆದಿದೆ. ಡಿಪ್ಲಾಯ್‌ಮೆಂಟ್ ಮಾಡೋರು ಒಂದು ಕಾಲಂ ಸೇರಿಸೋಕೆ ಆಲ್ಟರ್ ಹೊಡೆದರು, ಅದು ನಿಮಗಾಗಿ ಕಾಯ್ತಾ ನಿಂತಿತು. ಈಗ ನೋಡಿ ಮಜಾ: ಆಮೇಲೆ ಬರೋ ಮಾಮೂಲಿ ಸೆಲೆಕ್ಟುಗಳೂ ಆ ಆಲ್ಟರ್ ಹಿಂದೆ ಸರದಿಯಲ್ಲಿ ನಿಲ್ಲಬೇಕು. ಬರೀ ಓದ್ತಿದ್ದ ನೀವು, ಒಂದು ಸೆಕೆಂಡಿನ ಆಲ್ಟರು, ಇಬ್ಬರೂ ಸೇರಿ ಇಡೀ ಆಪ್ ನಿಲ್ಲಿಸಿದ್ರಿ. ಇದರ ಜೊತೆಗೆ, ನೀವು ನೋಡ್ತಿರೋ ಹಳೇ ಕಾಲದ ಚಿತ್ರ ಬೇಕಾಗಬಹುದು ಅಂತ ವ್ಯಾಕ್ಯೂಮ್ ಸತ್ತ ಸಾಲುಗಳನ್ನ ಗುಡಿಸೋ ಹಾಗಿಲ್ಲ. ಕಸ ಬೆಳೀತಾ ಹೋಗುತ್ತೆ, ಟೇಬಲ್ ಊದುತ್ತೆ, ಎಲ್ಲರ ಕ್ವೆರಿಯೂ ನಿಧಾನ. ಒರಾಕಲ್‌ನಲ್ಲಿ ಇದೇ ಕಥೆ ಉಲ್ಟಾ: ಹಳೇ ಆವೃತ್ತಿಯನ್ನ ಎಷ್ಟು ಹೊತ್ತು ಅಂತ ಇಟ್ಕೊಳ್ಳೋದು ಅಂತ ಅದೇ ಬೇಸತ್ತು, ಓಆರ್‌ಎ-01555, ಸ್ನ್ಯಾಪ್‌ಶಾಟ್ ಟೂ ಓಲ್ಡ್ ಅಂತ ಮುಖಕ್ಕೆ ಹೊಡೆಯುತ್ತೆ. ಮಧ್ಯರಾತ್ರಿ ಈ ಎರರ್ ನೋಡಿದವರು ಓದುಗರಲ್ಲಿ ಬೇಕಾದಷ್ಟು ಜನ ಇದ್ದೀರಿ.

ಇನ್ನೊಂದು ಗುಂಪಿದೆ, ನೋಲಾಕ್ ಗುಂಪು. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಯಾವ ಕ್ವೆರಿ ನಿಂತರೂ ಅದರ ಬಾಲಕ್ಕೆ ನೋಲಾಕ್ ಅಂಟಿಸಿ ಊಟಕ್ಕೆ ಹೋಗೋರು. ಓಡುತ್ತೆ, ನಿಜ. ಜೊತೆಗೆ ಇನ್ನೂ ಕಮಿಟ್ ಆಗದ ಸಾಲನ್ನೂ ಓದುತ್ತೆ, ಕೆಲವು ಸಾಲು ಎರಡು ಸಲ ಸಿಗುತ್ತೆ, ಕೆಲವು ಸಿಗೋದೇ ಇಲ್ಲ. ಫೇಸ್‌ಬುಕ್ ಲೈಕಿನ ಲೆಕ್ಕ ಆದರೆ ಹೋಗ್ಲಿ ಬಿಡಿ ಅನ್ನಬಹುದು. ಯಾರದೋ ಹಾಲಿನ ದುಡ್ಡನ್ನ ಎರಡು ಸಲ ಕೂಡಿಸಿದರೆ, ಇಲ್ಲಾ ಬಿಟ್ಟೇಬಿಟ್ಟರೆ? ಸರದಿ ನಿಧಾನ ಅಂತ ರಿಜಿಸ್ಟರನ್ನೇ ಹರಿದುಹಾಕಿದ ಹಾಗೆ ಇದು. ಅದೇ ಎಸ್‌ಕ್ಯುಎಲ್ ಸರ್ವರ್‌ನಲ್ಲಿ 2005ರಿಂದಲೂ ರೀಡ್ ಕಮಿಟೆಡ್ ಸ್ನ್ಯಾಪ್‌ಶಾಟ್ ಅನ್ನೋ ಮರ್ಯಾದಸ್ಥ ದಾರಿ ಇದೆ, ಅದನ್ನ ಕೇಳಿದವರೇ ಕಡಿಮೆ.

ನನಗೆ ಗೌರವ ಇರೋ ಒಂದೇ ಆಕ್ಷೇಪ ಅಂದ್ರೆ ಮೆಮೊರಿಯದ್ದು. "ಹತ್ತು ಲಕ್ಷ ಸಾಲನ್ನ ಒಂದೇ ಸಲ ತಂದರೆ ಪ್ರೋಗ್ರಾಮ್ ಸಾಯುತ್ತೆ, ಅದಕ್ಕೇ ಒಂದೊಂದಾಗಿ ತರ್ತೀವಿ." ಒಪ್ಪಿದೆ. ಪೋಸ್ಟ್‌ಗ್ರೆಸ್‌ನ ಜೆಡಿಬಿಸಿ ಡ್ರೈವರ್ ಸುಮ್ಮನೆ ಬಿಟ್ಟರೆ ಅಷ್ಟೂ ಸಾಲನ್ನ ಮೆಮೊರಿಗೆ ಎಳ್ಕೊಳ್ಳುತ್ತೆ. ಒರಾಕಲ್‌ನದು ಇನ್ನೊಂದು ತುದಿ, ಡೀಫಾಲ್ಟ್ ಫೆಚ್ ಸೈಜ್ 10. ಅಂದ್ರೆ 10,000 ಸಾಲಿಗೆ 1,000 ಸಲ ಹೋಗಿ ಬರೋದು. ಒಂದು ಸಲಕ್ಕೆ 20 ಮಿಲಿಸೆಕೆಂಡ್ ಹಿಡಿದರೂ ಇಪ್ಪತ್ತು ಸೆಕೆಂಡು ರಸ್ತೆಯಲ್ಲೇ ಕಳೀತು. ಅದನ್ನ 500 ಮಾಡಿದರೆ 20 ಟ್ರಿಪ್ಪು, ಅರ್ಧ ಸೆಕೆಂಡೂ ಇಲ್ಲ. ಒಂದು ಸಾಲಿನ ಸೆಟ್ಟಿಂಗ್ ಬದಲಾವಣೆ, ಎಷ್ಟು ಟೀಮಿನಲ್ಲಿ ಮಾಡಿದ್ದಾರೆ ಕೇಳಿ ನೋಡಿ.

ಆದರೆ ಈ ಮೆಮೊರಿ ವಾದದಲ್ಲಿ ಒಂದು ಮಾತು ಮುಚ್ಚಿಹೋಗಿದೆ. ಪೋಸ್ಟ್‌ಗ್ರೆಸ್‌ನ ಆ ಡ್ರೈವರಿನಲ್ಲಿ ಸ್ವಲ್ಪ ಸ್ವಲ್ಪವೇ ತರಿಸಬೇಕಾದರೆ ಆಟೋಕಮಿಟ್ ಆಫ್ ಮಾಡಲೇಬೇಕು, ಅಂದ್ರೆ ಟ್ರಾನ್ಸಾಕ್ಷನ್ ತೆರೆದಿಟ್ಟಿರಲೇಬೇಕು. ಮೈಎಸ್‌ಕ್ಯುಎಲ್‌ನಲ್ಲಿ ಸ್ಟ್ರೀಮ್ ಮಾಡಿದರೆ ಆ ಉತ್ತರ ಮುಗಿಯೋವರೆಗೆ ಅದೇ ಕನೆಕ್ಷನ್‌ನಲ್ಲಿ ಇನ್ನೊಂದು ಕ್ವೆರಿ ಕಳಿಸೋ ಹಾಗಿಲ್ಲ. ಪ್ರತಿ ಸಾಲಿಗೂ ಜಾಸ್ತಿ ಕೆಲಸ ಮಾಡ್ತಾ ಕೂರಬೇಡಿ ಅಂತ ಅದರ ಮ್ಯಾನುವಲ್ ಎಚ್ಚರಿಸುತ್ತೆ. ನಮ್ಮ ಪ್ರೋಗ್ರಾಮಿನ ಮೆಮೊರಿ ಉಳಿಸಿದ ಲೆಕ್ಕ ನಮಗೆ ಕಾಣುತ್ತೆ. ಅದರ ಬದಲಿಗೆ ತೆತ್ತದ್ದು ಬೇರೆಯವರ ಸಮಯ. ಆ ಬಿಲ್ಲು ನಮ್ಮ ಡ್ಯಾಶ್‌ಬೋರ್ಡಿಗೆ ಬರಲ್ಲ, ಡೇರಿ ಮುಂದಿನ ಕ್ಯೂಗೆ ಹೋಗುತ್ತೆ. ಉಳಿತಾಯ ನಮ್ಮದು, ಖರ್ಚು ಊರಿನದ್ದು. ನನ್ನ ಸಿಟ್ಟೆಲ್ಲ ಇದರ ಮೇಲೆ.

ಹಾಗಂತ ಲೂಪ್ ಕಂಡ ಕಡೆ ಬೆಂಕಿ ಹಚ್ಚಿ, ಎಲ್ಲವನ್ನೂ ಒಂದೇ ದೊಡ್ಡ ಅಪ್‌ಡೇಟ್‌ನಲ್ಲಿ ಮುಗಿಸಿ ಅಂತಲೂ ನಾನು ಹೇಳ್ತಿಲ್ಲ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಒಂದು ಸ್ಟೇಟ್‌ಮೆಂಟ್ ಸುಮಾರು 5,000 ಲಾಕ್ ದಾಟಿದರೆ, ಇಷ್ಟು ಬೀಗ ಯಾರು ನೋಡ್ಕೋತಾರೆ ಅಂತ ಅದು ಇಡೀ ಟೇಬಲ್ಲಿಗೇ ಒಂದು ಬೀಗ ಜಡಿಯೋಕೆ ನೋಡುತ್ತೆ. ಒಂದೊಂದೇ ಸಾಲು ಒಂದು ಅತಿ, ಎಲ್ಲಾ ಒಟ್ಟಿಗೆ ಇನ್ನೊಂದು ಅತಿ. ನಡುವೆ ದಾರಿ ಇದೆ.

ಡೇರಿಯ ಉದಾಹರಣೆಯನ್ನೇ ತಿದ್ದೋಣ. ಮೊದಲು, ಎಸ್‌ಎಂಎಸ್ಸನ್ನ ಟ್ರಾನ್ಸಾಕ್ಷನ್‌ನಿಂದ ಹೊರಗೆ ಹಾಕಿ. ಕಳಿಸಬೇಕಾದ ಮೆಸೇಜನ್ನ ಇನ್ನೊಂದು ಟೇಬಲ್ಲಿಗೆ ಬರೆದಿಡಿ, ಹಣದ ಲೆಕ್ಕದ ಜೊತೆಗೇ ಕಮಿಟ್ ಆಗಲಿ. ಎರಡನೇದು, ಸದಸ್ಯರನ್ನ 200 ಜನರ ಗುಂಪು ಮಾಡಿ. ಕೊನೆಗೆ ಮುಗಿಸಿದ ಸದಸ್ಯ ಸಂಖ್ಯೆಗಿಂತ ದೊಡ್ಡದಿರೋ ಮುಂದಿನ 200 ಅಂತ ಕೇಳಿ. ಆ 200 ಜನರ ಲೆಕ್ಕವನ್ನ ಡೇಟಾಬೇಸ್ ಒಳಗೇ ಒಂದು ಅಪ್‌ಡೇಟ್‌ನಲ್ಲಿ ಮುಗಿಸಿ, ಕಮಿಟ್ ಮಾಡಿ, ಬೀಗ ಬಿಟ್ಟು, ಮುಂದಿನ ಗುಂಪಿಗೆ ಹೋಗಿ. ಐವತ್ತು ಗುಂಪು, ಒಂದೊಂದು ಕ್ಷಣದ ಕೆಲಸ. ಮಧ್ಯೆ ಬಂದ ಹಾಲಿನ ಎಂಟ್ರಿ ಕಾದರೂ ಕ್ಷಣ ಮಾತ್ರ. ಮೂರನೇದು, ಮೆಸೇಜ್ ಕಳಿಸೋಕೆ ಬೇರೆ ಪ್ರೋಗ್ರಾಮು. ಅದು ಆ ಟೇಬಲ್ಲಿನಿಂದ ಸ್ಕಿಪ್ ಲಾಕ್ಡ್ ಬಳಸಿ ತನ್ನ ಪಾಲಿನ ಒಂದಷ್ಟು ಸಾಲು ಎತ್ತಿ, ಇವು ನನ್ನವು ಅಂತ ಗುರುತು ಹಾಕಿ, ಕಮಿಟ್ ಮಾಡಿ, ಆಮೇಲೆ ನಿಧಾನವಾಗಿ ಕಳಿಸಲಿ. ಪೋಸ್ಟ್‌ಗ್ರೆಸ್‌ನಲ್ಲಿ 9.5ರಿಂದ, ಮೈಎಸ್‌ಕ್ಯುಎಲ್‌ನಲ್ಲಿ 8.0ರಿಂದ ಈ ಸೌಲಭ್ಯ ಇದೆ. ಎಸ್‌ಎಂಎಸ್ ಹತ್ತು ನಿಮಿಷ ತಡವಾದರೆ ಯಾರ ಹಾಲೂ ಒಡೆಯಲ್ಲ.

"ಮಧ್ಯೆ ಮಧ್ಯೆ ಕಮಿಟ್ ಮಾಡಿದರೆ ಅರ್ಧಕ್ಕೇ ನಿಂತಾಗ ಏನು ಗತಿ? ಒಂದೇ ಟ್ರಾನ್ಸಾಕ್ಷನ್ ಆದರೆ ಎಲ್ಲಾ ಇಲ್ಲಾ ಏನೂ ಇಲ್ಲ, ಸೇಫ್ ಅಲ್ವಾ?" ಕೇಳಲೇಬೇಕಾದ ಪ್ರಶ್ನೆ. ಪ್ರತಿ ಸಾಲಿಗೂ ಈ ವಾರದ ಬಟವಾಡೆ ಆಯ್ತೋ ಇಲ್ವೋ ಅನ್ನೋ ಗುರುತು ಇದ್ದರೆ, ನಿಂತಲ್ಲಿಂದ ಮತ್ತೆ ಶುರು ಮಾಡಬಹುದು. ಇನ್ನು ಆ ‘ಸೇಫ್’ ಟ್ರಾನ್ಸಾಕ್ಷನ್ 9,999ನೇ ಸಾಲಿನಲ್ಲಿ ಬಿದ್ದರೆ ಏನಾಗುತ್ತೆ ಯೋಚಿಸಿ. ಹಣದ ಲೆಕ್ಕವೆಲ್ಲ ರೋಲ್‌ಬ್ಯಾಕ್ ಆಗಿ ಮೊದಲಿದ್ದ ಹಾಗೆ ಆಗುತ್ತೆ. ಹೋದ ಎಸ್‌ಎಂಎಸ್ ರೋಲ್‌ಬ್ಯಾಕ್ ಆಗುತ್ತಾ? 9,998 ಜನರ ಫೋನಿನಲ್ಲಿ ಹಣ ಜಮಾ ಆಗಿದೆ ಅಂತ ಇದೆ, ಖಾತೆಯಲ್ಲಿ ಇಲ್ಲ. ಮಾರನೇ ದಿನ ಸೆಕ್ರೆಟರಿ ಕೊರಳಪಟ್ಟಿಗೆ ಕೈ ಬೀಳುತ್ತೆ, ನಮ್ಮದಕ್ಕಲ್ಲ.

ಇದ್ಯಾವುದೂ ಹೊಸ ವಿದ್ಯೆಯಲ್ಲ. ಐಬಿಎಂನ ಈಶ್ವರನ್, ಜಿಮ್ ಗ್ರೇ, ಲೋರಿ, ಟ್ರೈಗರ್ ನಾಲ್ವರೂ ಲಾಕಿಂಗ್ ಬಗ್ಗೆ ಆ ಪ್ರಸಿದ್ಧ ಪ್ರಬಂಧ ಪ್ರಕಟಿಸಿದ್ದು 1976ರಲ್ಲಿ, ನಾನು ಹುಟ್ಟೋಕೂ ಮುಂಚೆ. ಗ್ರೇ ಅವರಿಗೆ 1998ರಲ್ಲಿ ಟ್ಯೂರಿಂಗ್ ಪ್ರಶಸ್ತಿಯೂ ಬಂತು. ನಾವೆಲ್ಲ ಡಿಬಿಎಂಎಸ್ ಪೇಪರಿನಲ್ಲಿ ಟೂ ಫೇಸ್ ಲಾಕಿಂಗ್ ಚಿತ್ರ ಬರೆದು ಮಾರ್ಕ್ಸ್ ತಗೊಂಡೇ ಬಿಇ ಮುಗಿಸಿದ್ದು. ಬೀಗ ಹಾಕೋ ಹಂತ, ಬಿಡೋ ಹಂತ ಅಂತ ಬಾಯಿಪಾಠ. ಬೀಗ ಹಾಕಿ ಬಿಡೋದರ ಮಧ್ಯೆ ಹೊರಗೆ ಸುತ್ತಾಡೋಕೆ ಹೋಗಬಾರದು ಅನ್ನೋದು ಆ ಚಿತ್ರದಲ್ಲಿ ಇರಲಿಲ್ಲ, ನಾವೂ ಕೇಳಲಿಲ್ಲ. ಇಂಟರ್‌ವ್ಯೂಗಳಲ್ಲಿ ಬೈನರಿ ಟ್ರೀ ತಲೆಕೆಳಗು ಮಾಡು ಅಂತಾರೆ. ನಿನ್ನ ಟ್ರಾನ್ಸಾಕ್ಷನ್ ಎಷ್ಟು ಹೊತ್ತು ತೆರೆದಿರುತ್ತೆ ಅಂತ ಒಬ್ಬರೂ ಕೇಳಲ್ಲ. ಲ್ಯಾಪ್‌ಟಾಪಿನಲ್ಲಿ ಇಪ್ಪತ್ತು ಸಾಲಿನ ಟೇಬಲ್ ಇಟ್ಟುಕೊಂಡು, ಒಬ್ಬನೇ ಬಳಕೆದಾರನಾಗಿ ಟೆಸ್ಟ್ ಮಾಡಿದರೆ ಲಾಕ್ ಯಾರಿಗೆ ತಾಗಬೇಕು? ಕ್ಯೂ ಆಗಬೇಕಾದರೆ ಎರಡನೆಯವನು ಬೇಕಲ್ಲ. ಅದರ ಮೇಲೆ ಫ್ರೇಮ್‌ವರ್ಕುಗಳು ಒಂದು ಟ್ರಾನ್ಸಾಕ್ಷನಲ್ ಅನ್ನೋ ಹಣೆಪಟ್ಟಿ ಅಂಟಿಸಿದರೆ ಸಾಕು ಅಂತ ಎಲ್ಲವನ್ನೂ ಮುಚ್ಚಿಟ್ಟಿವೆ. ಆ ಹಣೆಪಟ್ಟಿಯ ಕೆಳಗೆ ಯಾರೋ ಆಮೇಲೆ ಬಂದು ಒಂದು ಪೇಮೆಂಟ್ ಗೇಟ್‌ವೇ ಕಾಲ್ ಸೇರಿಸ್ತಾರೆ. ಟೆಸ್ಟ್ ಪಾಸ್.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ರಿವ್ಯೂ ಮಾಡೋವಾಗ ಮೂರು ಪ್ರಶ್ನೆ ಕೇಳಿ. ಈ ಲೂಪ್ ಓಡ್ತಿರೋವಾಗ ಯಾವ ಲಾಕ್ ಕೈಯಲ್ಲಿದೆ? ಲೂಪಿನ ಒಳಗೆ ಡೇಟಾಬೇಸ್ ಬಿಟ್ಟು ಬೇರೆ ಯಾರಿಗಾದರೂ ಕಾಯ್ತಾ ಇದೀವಾ, ಗೇಟ್‌ವೇಗೆ, ಇನ್ನೊಂದು ಸರ್ವಿಸಿಗೆ, ಬಟನ್ ಒತ್ತಬೇಕಾದ ಮನುಷ್ಯನಿಗೆ? ಸಾಲು ಹತ್ತು ಪಟ್ಟಾದರೆ ಈ ಲಾಕ್ ಎಷ್ಟು ಹೊತ್ತು ಇರುತ್ತೆ? ಉತ್ತರ ಹೇಳೋಕೆ ಬರಲಿಲ್ಲ ಅಂದ್ರೆ ಹೆಬ್ಬೆರಳು ಎತ್ತಬೇಡಿ. ಪ್ರೊಡಕ್ಷನ್‌ನಲ್ಲಿ ಲಾಕಿಗೆ ಕಾಯೋದಕ್ಕೆ ಒಂದು ಮಿತಿ ಇಡಿ. ಪೋಸ್ಟ್‌ಗ್ರೆಸ್‌ನಲ್ಲಾದರೆ ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನೆ ಕೂತವರನ್ನ ಹೊರಗೆ ಹಾಕೋ ಟೈಮ್‌ಔಟ್ 9.6ರಿಂದಲೇ ಇದೆ, ಆನ್ ಮಾಡಿ. ನಮ್ಮ ಪ್ರೋಗ್ರಾಮ್ ಬೈಸ್ಕೊಂಡು ಬೀಳಲಿ, ಬೇರೆಯವರು ಯಾಕೆ ಅಂತ ಗೊತ್ತಿಲ್ಲದೇ ನಿಲ್ಲೋದಕ್ಕಿಂತ ವಾಸಿ.

ಕೊನೇದಾಗಿ, ಆನ್‌ಕಾಲ್‌ನಲ್ಲಿ ಫೋನ್ ಬಂದು ‘ಸರ್ವರ್ ಡೌನ್’ ಅಂದಾಗ ರೀಸ್ಟಾರ್ಟ್ ಬಟನ್ನಿಗೆ ಕೈ ಹಾಕೋಕೂ ಮುಂಚೆ ಲಾಕಿನ ಪಟ್ಟಿ ತೆಗೆದು ನೋಡಿ. ಯಾರು ಹಿಡ್ಕೊಂಡಿದ್ದಾರೆ, ಯಾವಾಗಿಂದ, ಹಿಡ್ಕೊಂಡು ಏನು ಮಾಡ್ತಿದ್ದಾರೆ ಅಂತ ಎಲ್ಲಾ ಡೇಟಾಬೇಸೂ ಹೇಳುತ್ತೆ, ಕೇಳಬೇಕು ಅಷ್ಟೇ. ರೀಸ್ಟಾರ್ಟ್ ಮಾಡಿದರೆ ಲಾಕು ಹೋಗುತ್ತೆ, ಹಿಡಿದವರ ಹೆಸರೂ ಅಳಿಸಿಹೋಗುತ್ತೆ, ಮುಂದಿನ ಬಟವಾಡೆ ದಿನ ಅದೇ ಫೋನ್ ಮತ್ತೆ ಬರುತ್ತೆ. ಆ ಪಟ್ಟಿಯಲ್ಲಿರೋ ಹೆಸರು ನಮ್ಮದೇ ಟೀಮಿನದ್ದಾಗಿದ್ದರೆ ಅದನ್ನ ಮೀಟಿಂಗಿನಲ್ಲಿ ಬಾಯಿಬಿಟ್ಟು ಹೇಳಿ. ಡೇರಿ ಸೆಕ್ರೆಟರಿಗೂ ಹೇಳಿ: ಸರ್ವರ್ ಚೆನ್ನಾಗೇ ಇತ್ತು, ನಮ್ಮ ಪ್ರೋಗ್ರಾಮು ನಿಮ್ಮ ರಿಜಿಸ್ಟರ್ ಹಿಡ್ಕೊಂಡು ಕೂತಿತ್ತು ಅಂತ. ಅವರಿಗೆ ಅರ್ಥವಾಗುತ್ತೆ.